ಮೊದಲ ಸುಳಿವಿಗೇ

ಮಾರ್ಚ್ ೧೪, ಮಂಗಳವಾರ.

ನಾದಿನಿಯ ಮಾತು ಬೆಳಗಿನಿಂದ ಕೊರೆಯುತ್ತಿದೆ. ಪತ್ನಿ ಇದ್ದಾಗ ರಾತ್ರಿಯೂಟದ ಹೊತ್ತಿಗೆ ನಾನು ಇತಿಹಾಸಪುರುಷನೊಬ್ಬನ ಬಾಳಿನಿಂದ ಸುಳಿವುಗಳನ್ನು ಕೊಡುತ್ತಿದ್ದೆ; ಅವಳು ಹೆಸರನ್ನು ಊಹಿಸಬೇಕಿತ್ತು. ಐದನೆಯ ಸುಳಿವಿಗೂ ತಡವರಿಸುತ್ತಿದ್ದಳು. ನನ್ನ ಅತ್ಯಂತ ಮಂದ ವಿದ್ಯಾರ್ಥಿನಿಯೆಂದು ಛೇಡಿಸುತ್ತಿದ್ದೆ.

“ಅಕ್ಕನಿಗೆ ಮೊದಲನೇದಕ್ಕೇ ಗೊತ್ತಾಗ್ತಿತ್ತು ಭಾವ! ಹೇಳಿಬಿಟ್ರೆ ನೀವು ಬಾಯಿಗೆ ಬೀಗ ಹಾಕ್ಕೊಂಡು ಪೇಪರ್ ಹಿಡೀತೀರಿ ಅಂತ, ಅಲೆಗ್ಸಾಂಡರನ ಕುದುರೆ ಹೆಸರು ಹೇಳಿದ್ರೂ ನೆಪೋಲಿಯನ್ನಾ ಅಂತ ಕೇಳ್ತಿದ್ಲು,” ಎಂದು ನಾದಿನಿ ನಕ್ಕಳು.

ಸರಿಯುತ್ತರ ಬಂದೊಡನೆ ಆಟ ಮುಗಿಯಬೇಕೆಂಬುದು ನಾನೇ ಮಾಡಿದ ನಿಯಮ.

ಇಂದು ಒಂದೇ ತಟ್ಟೆಯ ಮುಂದೆ ಕುಳಿತು ಗಟ್ಟಿಯಾಗಿ ಹೇಳಿದೆ: “ಕಿವಿ ಕೇಳಿಸದಿದ್ದರೂ ಸಂಗೀತ ರಚಿಸಿದವನು.” ಅವಳ ತಪ್ಪುತ್ತರಕ್ಕಾಗಿ ಕಾದೆ. ಎರಡನೆಯ ಸುಳಿವೂ ಸಿದ್ಧವಾಗಿತ್ತು. ಅದನ್ನು ಇನ್ನು ಯಾರಿಗೆ…