ಮೂವತ್ತು ಮಡಿಸುವ ಕುರ್ಚಿ

ಏಪ್ರಿಲ್ 7, ಭಾನುವಾರ

ಮನೆಯ ಹಜಾರದಲ್ಲಿ ಮೂವತ್ತು ಕುರ್ಚಿ ಬಿಡಿಸಿದೆ. ಆರಾಧನೆ ಮುಗಿಯಿತು. ಮೂವತ್ತನ್ನೂ ಮಡಿಸಿ ಗೋಡೆಗೆ ಒರಗಿಸಿದೆ. ಈ ದೇಶಕ್ಕೆ ಬಂದ ಮೇಲೆ ಇದು ಹದಿಮೂರನೇ ಭಾನುವಾರ.

ನಿಂತವರು: ಅಪ್ಪ, ಪ್ರಸಂಗಕ್ಕೆ. ಕೂತವರು: ಅಮ್ಮ, ಅಜ್ಜಿ, ನಾನು. ಅಜ್ಜಿ ಅರ್ಧಕ್ಕೇ ತೂಕಡಿಸಿದ್ದರಿಂದ ಎರಡೂವರೆ ಅನ್ನಬಹುದು. ಅಪ್ಪ ಹಟ ಹಿಡಿದು ಈ ಊರಿನ ಭಾಷೆಯಲ್ಲೇ ಪ್ರಸಂಗ ಓದುತ್ತಾರೆ. ನಮಗೆ ಮೂವರಿಗೂ ಅರ್ಥವಾಗುವುದಿಲ್ಲ. ಅಪ್ಪನಿಗೂ ಅರ್ಧವೇ.

ಆಮೇಲೆ ಫಾರಂ. ಅಪ್ಪನನ್ನು ಇಲ್ಲಿಗೆ ಕಳಿಸಿದ ಮಿಷನ್ ಆಫೀಸಿಗೆ ತಿಂಗಳಿಗೊಂದು ಹೋಗಬೇಕು. ಅಪ್ಪನ ಅಕ್ಷರ ಶಾಯಿಯಲ್ಲಿ ಬಿದ್ದ ಇರುವೆ ಓಡಾಡಿದ ಹಾಗೆ. ಅದಕ್ಕೇ ಬರೆಯುವುದು ನಾನು. ‘ಹಾಜರಿ — ಮನೆಯವರನ್ನು ಬಿಟ್ಟು’ ಎಂಬ ಕಾಲಂ. ಸೊನ್ನೆ ಹಾಕಿದೆ.

“ಬುಧವಾರ ಪ್ರಾರ್ಥನೆ ಹೊತ್ತಿಗೆ ಪೋಸ್ಟಿನವರು ಬಾಗಿಲಲ್ಲಿ ನಿಂತಿದ್ರಲ್ಲ,” ಅಂದರು ಅಪ್ಪ.

“ಸಹಿಗೆ ಕಾಯ್ತಿದ್ರಪ್ಪಾ.”

“ಕಣ್ಣು ಮುಚ್ಕೊಂಡಿದ್ರು.”

“ಬೇಜಾರಿಗೆ.”

ಸೊನ್ನೆ ಉಳಿಯಿತು. ಸೆಪ್ಟೆಂಬರ್ ಕೊನೆಯ ಫಾರಂನಲ್ಲಿ ಹೊರಗಿನವರು ಹನ್ನೆರಡಾದರೂ ಇರದಿದ್ದರೆ ಮನೆ ಖಾಲಿ ಮಾಡಿ ವಾಪಸ್ ಬನ್ನಿ ಎಂದು ಆಫೀಸಿನ ಪತ್ರ ಬಂದಿದೆ. ಅಪ್ಪ ಅದನ್ನು ಬೈಬಲ್ಲಿನೊಳಗೆ ಇಟ್ಟುಕೊಂಡು ದಿನಾ ತೆಗೆದು ನೋಡುತ್ತಾರೆ.

ಈ ಡೈರಿಯಲ್ಲಿ ಸುಳ್ಳು ಬರೆಯುವುದಿಲ್ಲ. ನನಗೆ ಖುಷಿಯಾಯಿತು. ಊರಿಗೆ ಹೋಗಬೇಕು. ಈ ಸೊನ್ನೆಯೇ ನನ್ನ ಟಿಕೆಟ್.

ಏಪ್ರಿಲ್ 10, ಬುಧವಾರ

ನಮ್ಮ ಮನೆ ಲಾಂಡ್ರಿಯ ಮೇಲೆ, ಮೊದಲ ಮಹಡಿಯಲ್ಲಿ. ಮಷೀನು ತಿರುಗಿದಾಗ ತಟ್ಟೆ-ಲೋಟ ತಾವೇ ಮಾತಾಡುತ್ತವೆ. ನೆಲ ಯಾವಾಗಲೂ ಬೆಚ್ಚಗೆ. ಅಜ್ಜಿ ಹಾಸಿಗೆಯನ್ನು ಸರಿಯಾಗಿ ಬಾಯ್ಲರಿನ ನೆತ್ತಿಗೇ ಎಳೆದುಕೊಂಡಿದ್ದಾಳೆ. ಮಂಡಿನೋವಿಗೆ ಎಣ್ಣೆಗಿಂತ ಇದೇ ಮೇಲಂತೆ.

ಇವತ್ತು ಲಾಂಡ್ರಿಯ ಯಜಮಾನಿ ಮೇಲೆ ಬಂದರು. ತೋಳು ನೋಡಿದರೆ ಒದ್ದೆ ಕಂಬಳಿಯನ್ನೂ ಒಬ್ಬರೇ ಹಿಂಡಬಲ್ಲರು. ಏನೋ ಜೋರಾಗಿ ಹೇಳಿದರು. ನಮ್ಮ ಹಾಡಿನ ಗಲಾಟೆಗೆ ಬೈಯಲು ಬಂದಿದ್ದಾರೆ ಎಂದು ಅಮ್ಮ ನಡುಗಿದಳು. ಅವರು ಕುರ್ಚಿ ತೋರಿಸಿದರು. ಆರು ಬೆರಳು ಎತ್ತಿದರು. ಬಟ್ಟೆ ಒಗೆದು ಮುಗಿಯುವವರೆಗೆ ಕಾಯುವ ಗಿರಾಕಿಗಳಿಗೆ ಅಂತ ಕೈಸನ್ನೆ.

“ಕೊಡೇ, ಕೊಡು,” ಅಂದಳು ಅಮ್ಮ. “ಇಲ್ಲಿ ಯಾರು ಕೂತು ಸವೆಸ್ತಾರೆ?”

ಆರೂ ಇಳಿಸಿ ಕೊಟ್ಟೆ. ಕೊಡುವ ಮೊದಲು ಮೂವತ್ತರ ಬೆನ್ನಿಗೂ ಬಿಳಿ ಪೇಂಟಿನಲ್ಲಿ ನಂಬರ್ ಬರೆದೆ. ಈಗ ಕುರ್ಚಿಗಳ ಜವಾಬ್ದಾರಿ ನನ್ನದು. ಶಾಲೆ ಬಿಟ್ಟವಳಿಗೆ ಒಂದು ಉದ್ಯೋಗ ಸಿಕ್ಕಿತು.

ಶಾಲೆ ಬಿಟ್ಟ ಕಾರಣ: ಊರಿನಲ್ಲಿದ್ದಾಗ ಪಕ್ಕದವಳ ಉತ್ತರ ನೋಡಿ ಬರೆದೆ, ತೊಂಬತ್ತು ಬಂತು, ತಡೆಯಲಾಗದೆ ಮೇಡಂಗೆ ಹೋಗಿ ಹೇಳಿದೆ. ತಿಂಗಳ ಮಟ್ಟಿಗೆ ಹೊರಗೆ ಹಾಕಿದರು. ತಿಂಗಳಾದ ಮೇಲೂ ನಾನು ಹೋಗಲಿಲ್ಲ. ಎಲ್ಲರಿಗೂ ಅವಮಾನದ ಕಥೆ ಹೇಳಿದ್ದೇನೆ. ನಿಜ ಏನೆಂದರೆ, ಕೂತಲ್ಲಿ ಕೂರಲು ನನ್ನಿಂದ ಆಗುವುದಿಲ್ಲ. “ಇವಳ ಕುಂಡೀಲಿ ಚಕ್ರ ಇದೆ,” ಅನ್ನುತ್ತಾಳೆ ಅಜ್ಜಿ. ಒಂದು ಕುರ್ಚಿಯಲ್ಲಿ ಕೂರಲಾರದವಳಿಗೆ ಮೂವತ್ತು ಕುರ್ಚಿ ಕಾಯುವ ಕೆಲಸ.

ಏಪ್ರಿಲ್ 28, ಭಾನುವಾರ

ಲಾಂಡ್ರಿ ಆಂಟಿ ಬೀದಿಗೆಲ್ಲ ಟಾಂಟಾಂ ಹೊಡೆದಿದ್ದಾರೆ. ಮೂರನೇ ಮಹಡಿಯವರಿಗೆ ಮಗುವಿನ ಹುಟ್ಟುಹಬ್ಬ — ಎಂಟು. ಟ್ಯಾಕ್ಸಿ ಸ್ಟ್ಯಾಂಡಿನವರಿಗೆ ಇಸ್ಪೀಟು ಆಡಲು — ನಾಲ್ಕು. ಕಾಲು ಮುರಿದು ಪಟ್ಟಿ ಹಾಕಿಸಿಕೊಂಡವರಿಗೆ ಸ್ನಾನಕ್ಕೆ — ಒಂದು. ಒಯ್ದವರು ತಂದುಕೊಡುವುದು ಇನ್ನೊಬ್ಬರು ಕೇಳಿದಾಗಲೇ.

ಇವತ್ತು ಮನೆಯಲ್ಲಿ ಇದ್ದದ್ದು ಹನ್ನೊಂದು.

“ಯಾರಾದ್ರೂ ಆರಾಧನೆಗೆ ಬಂದ್ಬಿಟ್ರೆ ಎಲ್ಲಿ ಕೂರಿಸೋದು?” ಅಪ್ಪನಿಗೆ ನಿಜವಾದ ಚಿಂತೆ.

ನಗು ಬಂತು. ನಕ್ಕೆ. ಅಪ್ಪನ ಮುಖ ಸಣ್ಣದಾಯಿತು. ಆಮೇಲೆ ಅವರೂ ನಕ್ಕರು. ಆದರೆ ತಡವಾಗಿ. ತಪ್ಪು ನನ್ನದು.

ಮೇ 9, ಗುರುವಾರ

ನಂಬರ್ 17ರ ರಿವೆಟ್ಟು ಹಾರಿಹೋಗಿದೆ. ಇಸ್ಪೀಟಿನಲ್ಲಿ ಸೋತವನ ಕೋಪ. ತಿರುವಿನಲ್ಲಿರುವ ಸೈಕಲ್ ಅಂಗಡಿಗೆ ಹೊತ್ತುಕೊಂಡು ಹೋದೆ. ಅಂಗಡಿಯ ಮುದುಕ ಗಿರಾಕಿಯ ಮೇಲೆ, ಟ್ಯೂಬಿನ ಮೇಲೆ, ಬಿಸಿಲಿನ ಮೇಲೆ ಗೊಣಗುತ್ತಲೇ ಇದ್ದ. ಗೊಣಗಜ್ಜ ಎಂದು ಹೆಸರಿಟ್ಟೆ. ಕುರ್ಚಿ ನೋಡಿ, ಸುತ್ತಿಗೆ ನನ್ನ ಕೈಗೇ ಕೊಟ್ಟ. ಮೂರು ರಿವೆಟ್ಟು ಹಾಳು ಮಾಡಿದೆ. ನಾಲ್ಕನೆಯದು ಕೂತಿತು. ಹೆಬ್ಬೆರಳು ಊದಿದೆ.

ಕುರ್ಚಿಯ ಮೇಲೆ ಕೂತು ನೋಡಿದ. ಎದ್ದ. ಮತ್ತೆ ಕೂತ. ಏಳಲೇ ಇಲ್ಲ. ನಾನು ಕಾದೆ. ಗೋಡೆಯ ಕ್ಯಾಲೆಂಡರಿನಲ್ಲಿ ನಾಳೆಯ ತಾರೀಖಿನ ಮೇಲೆ ಬೆರಳಿಟ್ಟು, ಅದೇ ಬೆರಳನ್ನು ನನ್ನ ಕಡೆ ತಿರುಗಿಸಿದ.

ಕುರ್ಚಿ ಅಲ್ಲೇ ಉಳಿಯಿತು. ನಾಳೆ ಹೋಗುತ್ತೇನೆ.

ಜೂನ್ 18, ಮಂಗಳವಾರ

ಬರೆದು ತಿಂಗಳ ಮೇಲಾಯಿತು. ಸಂಜೆ ಕೈಯ ಗ್ರೀಸು ಹೋಗುವುದರೊಳಗೆ ನಿದ್ದೆ ಬರುತ್ತದೆ.

ಸೊಟ್ಟ ರಿಮ್ಮನ್ನು ನೇರ ಮಾಡಲು ಕಲಿತೆ. ಒಂದು ಕಡ್ಡಿ ಬಿಗಿ ಮಾಡಿದರೆ ಎದುರಿನದನ್ನು ಸಡಿಲ ಮಾಡಬೇಕು. ಕಾಲು ತಿರುವು, ಅಷ್ಟೇ. ಚಕ್ರ ಅಲುಗದೆ ತಿರುಗಿದಾಗ ಮೈಯೆಲ್ಲ ತಣ್ಣಗಾಗುತ್ತದೆ. ದಿನಕ್ಕೆ ಎಂಟು ಗಂಟೆ ಸ್ಟೂಲಿನ ಮೇಲೆ ಕೂರುತ್ತಿದ್ದೇನೆ ಎನ್ನುವುದು ಇವತ್ತು ಹೊಳೆಯಿತು!

ಭಾಷೆಯೂ ತಾನಾಗಿ ಬರುತ್ತಿದೆ. ಮೊದಲು ಬೈಗುಳ, ಆಮೇಲೆ ಉಳಿದದ್ದು. ನೆನ್ನೆ ಒಬ್ಬ ಗಿರಾಕಿಗೆ “ಟೈರು ಬದಲಿಸೋದು ಬೇಡ, ಇನ್ನೂ ವರ್ಷ ಬರುತ್ತೆ” ಎಂದು ಹೇಳಿಬಿಟ್ಟೆ. ಗೊಣಗಜ್ಜ ನನ್ನನ್ನು ನೋಡಿದ ರೀತಿಗೆ ಗಾಳಿಪಂಪು ಮುದುಡಿಕೊಳ್ಳಬೇಕಿತ್ತು. ಇವತ್ತು ಅದೇ ಗಿರಾಕಿ ಮೂವರನ್ನು ಕರೆತಂದ. “ನಿನ್ನ ಬಾಯಿ ಒಂದು ದಿನ ಅಂಗಡಿ ಮುಳುಗಿಸುತ್ತೆ. ಇವತ್ತಲ್ಲ,” ಅಂದ ಗೊಣಗಜ್ಜ.

ಅಜ್ಜಿ ಮಧ್ಯಾಹ್ನವೆಲ್ಲ ಲಾಂಡ್ರಿಯಲ್ಲಿ, ನಂಬರ್ 4ರ ಮೇಲೆ. ಇವಳು ಕನ್ನಡ, ಆಂಟಿ ಅವರ ಭಾಷೆ. ಇವತ್ತು ದುಪ್ಪಟಿ ಮಡಿಸುವ ವಿಷಯಕ್ಕೆ ಜಗಳ.

“ಮೂಲೆಗೆ ಮೂಲೆ ಸೇರಿಸೇ ತಾಯಿ! ಏನು ಚೀಲ ತುಂಬ್ತಿದೀಯಾ?” ಅಜ್ಜಿ.

ಆಂಟಿ ಏನೋ ಹೇಳಿದರು. ನನಗೆ ಅರ್ಥವಾಯಿತು: “ನಲವತ್ತು ವರ್ಷದಿಂದ ಮಡಿಸ್ತಿದ್ದೀನಿ, ಮುದುಕಿ!” ಅಜ್ಜಿಗೆ ಅನುವಾದಿಸಲಿಲ್ಲ. ಬೇಕಾಗಲೂ ಇಲ್ಲ. “ಮುದುಕಿ ಅಂದ್ಲಲ್ಲಾ?” ಎಂದು ಕೇಳಿ ನಕ್ಕಳು.

ಹಾಜರಿ: ಸೊನ್ನೆ.

ಜುಲೈ 25, ಗುರುವಾರ

ನಾಲ್ಕನೇ ಮಹಡಿಯ ತಾತ ತೀರಿಕೊಂಡರು. ಸುದ್ದಿ ಬಂದ ಕೂಡಲೇ ಅಪ್ಪ ಇದ್ದಬದ್ದ ಕುರ್ಚಿಗಳನ್ನೆಲ್ಲ ಹೊತ್ತರು. ಲಿಫ್ಟ್ ಇಲ್ಲ. ಎರಡು ಕೈಗೆ ನಾಲ್ಕು, ಹೀಗೆ ಮೂರು ಸಲ. ಪ್ರಾರ್ಥನೆ ಮಾಡಿ ಎಂದು ಯಾರೂ ಕೇಳಲಿಲ್ಲ. ಅಪ್ಪನೂ ಬಾಯಿ ಬಿಡಲಿಲ್ಲ. ಎಲ್ಲರೂ ಕೂತ ಮೇಲೆ ಅವರಿಗೇ ಕುರ್ಚಿ ಉಳಿಯಲಿಲ್ಲ. ಒಳಗೆ ಹೋಗಿ ಲೋಟ ತೊಳೆಯುತ್ತಾ ನಿಂತರು.

ಈ ಮನುಷ್ಯನ ಮಗಳು ನಾನು ಎಂದು ಮೊದಲ ಸಲ ಜಂಬ ಬಂತು.

ಫಾರಂನಲ್ಲಿ ಇದಕ್ಕೆ ಕಾಲಂ ಇಲ್ಲ.

ಆಗಸ್ಟ್ 31, ಶನಿವಾರ. ಬೆಳಿಗ್ಗೆ

ಸೊನ್ನೆ ಹಾಕಲು ಕೂತೆ. ಕೈ ಬರಲಿಲ್ಲ.

ಇನ್ನೊಂದೇ ಫಾರಂ ಬಾಕಿ. ಆಮೇಲೆ ಊರು. ನನಗೆ ಹೋಗಲು ಇಷ್ಟವಿಲ್ಲ. ಗೊಣಗಜ್ಜ ಗೇರು ಬಿಚ್ಚಿ ಜೋಡಿಸುವುದನ್ನು ಇನ್ನೂ ಹೇಳಿಕೊಟ್ಟಿಲ್ಲ. ಅಮ್ಮ ಕಾಲು ಮುರಿದವರ ಹೆಂಡತಿಯಿಂದ ಹೊಲಿಗೆ ಕಲಿತು ಅರ್ಧ ಪರದೆ ಹೊಲಿದಿದ್ದಾಳೆ. ಅಜ್ಜಿಗೆ ಜಗಳಕ್ಕೊಬ್ಬರು ಸಿಕ್ಕಿದ್ದಾರೆ.

ಪೆನ್ಸಿಲ್ಲಿನಲ್ಲಿ 12 ಬರೆದೆ. ಚೆನ್ನಾಗಿ ಕಾಣಿಸಿತು. ಅಳಿಸಿದೆ. ಮತ್ತೆ ಬರೆದೆ. ಅಳಿಸಿ ಅಳಿಸಿ ಕಾಗದ ತೂತಾಯಿತು.

ಇಷ್ಟು ದಿನ ನಾನು ಸತ್ಯವಂತೆ ಎಂದುಕೊಂಡಿದ್ದೆ. ಹಾಗೇನಿಲ್ಲ. ಸತ್ಯ ನನ್ನ ಕಡೆಗಿತ್ತು, ಅಷ್ಟೇ.

ಅಪ್ಪ ಫಾರಂ ಎತ್ತಿ ಬೆಳಕಿಗೆ ಹಿಡಿದರು. ತೂತಿನಲ್ಲಿ ಅವರ ಕಣ್ಣು ಕಾಣಿಸಿತು.

“ಏನಮ್ಮ ಇದು, ಇಲಿ ತಿಂತಾ?”

“ನಾನು. ಹನ್ನೆರಡು ಅಂತ ಬರೆದಿದ್ದೆ.”

ಬೈಗುಳಕ್ಕೆ ಕಾದೆ. ಅಪ್ಪ ಪಕ್ಕದಲ್ಲಿ ಕೂತರು.

“ನಾನು ಹದಿನೈದು ಅಂತ ಬರೆದಿದ್ದೆ. ಮನಸ್ಸಲ್ಲೇ. ಪ್ರಾರ್ಥನೆ ಮಾಡ್ತಾ ಮಾಡ್ತಾ.”

ಇಬ್ಬರೂ ತೂತನ್ನೇ ನೋಡಿದೆವು. ಹೊಸ ಫಾರಂ ತೆಗೆದು ಸೊನ್ನೆ ಹಾಕಿದೆ.

ಸೆಪ್ಟೆಂಬರ್ 23, ಸೋಮವಾರ

ಕುರ್ಚಿ ಮಿಷನ್ನಿನವು. ಹೊರಡುವ ಮೊದಲು ಲೆಕ್ಕ ಒಪ್ಪಿಸಬೇಕು. ಎಲ್ಲ ವಾಪಸ್ ತಂದಿಡು ಅಂದರು ಅಪ್ಪ. ಮನೆಯಲ್ಲಿ ನಾಲ್ಕಿದೆ. ಇಪ್ಪತ್ತಾರು ಹೊರಗೆ.

ಮೊದಲು ಲಾಂಡ್ರಿ. ಯಾಕೆ ಎಂದು ಆಂಟಿ ಕೇಳಿದರು. ಎಲ್ಲ ಹೇಳಿದೆ — ಫಾರಂ, ಹನ್ನೆರಡು, ಸೊನ್ನೆ.

“ಬರೀ ಹನ್ನೆರಡು ತಲೆನಾ? ನಾನು ಇಪ್ಪತ್ತು ತರ್ತೀನಿ!”

“ಬೇಡ ಆಂಟಿ. ಅದು ಸುಳ್ಳಾಗುತ್ತೆ. ಕುರ್ಚಿ ಕೊಟ್ಬಿಡಿ.”

ಆಂಟಿ ಇಸ್ತ್ರಿಪೆಟ್ಟಿಗೆ ನಿಲ್ಲಿಸಿದರು. ನನ್ನನ್ನು ಮೇಲಿಂದ ಕೆಳಗೆ ನೋಡಿದರು.

“ನೀನ್ಯಾಕೆ ಹೊರ್ತೀಯಾ? ಒಯ್ದವರೇ ತಂದಿಡ್ತಾರೆ. ಎಲ್ಲರಿಗೂ ನಾನೇ ಹೇಳ್ತೀನಿ. ಭಾನುವಾರ ಎಷ್ಟು ಗಂಟೆಗೆ?”

“ಹತ್ತಕ್ಕೆ,” ಅಂದೆ.

ಆರಾಧನೆ ಹತ್ತಕ್ಕೆ. ಎಂಟು ಎನ್ನಬಹುದಿತ್ತು. ಎಂಟು ಎಂದು ನಾಲಿಗೆ ತುದಿಯಲ್ಲಿತ್ತು. ಹತ್ತು ಅಂದೆ. ಗೊತ್ತಿದ್ದೇ ಅಂದೆ.

ಸೆಪ್ಟೆಂಬರ್ 29, ಭಾನುವಾರ. ಒಂಬತ್ತೂವರೆ

ಅಪ್ಪನಿಗೆ ಹೇಳಿಬಿಟ್ಟೆ. “ಹತ್ತು ಗಂಟೆ ಅಂದಿದ್ದು ನಾನೇ, ಬೇಕಂತಲೇ.” ಅಪ್ಪ ಟೈ ಕಟ್ಟುತ್ತಿದ್ದರು. ಕಟ್ಟಿದ್ದನ್ನು ಬಿಚ್ಚಿ ಮತ್ತೆ ಕಟ್ಟಿದರು. ಮೆಟ್ಟಿಲ ಮೇಲೆ ಕಬ್ಬಿಣದ ಸದ್ದು —

ಅದೇ ದಿನ, ಮಧ್ಯಾಹ್ನ

ಬಂದರು. ಒಬ್ಬೊಬ್ಬರ ಕಂಕುಳಲ್ಲಿ ಒಂದೊಂದು ಕುರ್ಚಿ. ಲಾಂಡ್ರಿ ಆಂಟಿ ಮುಂದೆ, ಗಿರಾಕಿಗಳು ಹಿಂದೆ. ಮೂರನೇ ಮಹಡಿಯವರು. ಇಸ್ಪೀಟಿನವರು. ತೀರಿಕೊಂಡ ತಾತನ ಹೆಂಡತಿ, ಕಪ್ಪು ಕೋಟಿನಲ್ಲಿ. ಗೊಣಗಜ್ಜ 17ನ್ನು ತಲೆಯ ಮೇಲೆ ಹೊತ್ತು, ಮೆಟ್ಟಿಲನ್ನು ಬೈಯುತ್ತಾ. ಗೋಡೆಗೆ ಒರಗಿಸಲಿಲ್ಲ. ಬಿಡಿಸಿ ಹಾಕಿ ಕೂತರು.

ಅಪ್ಪ ಪ್ರಸಂಗದ ಹಾಳೆ ಜೇಬಿಗೆ ತುರುಕಿದರು. ಹಾಳೆಯಿಲ್ಲದೆ ಆ ಭಾಷೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಫಾರಂ ವಿಷಯ ಹೇಳಿದರು. ಹನ್ನೆರಡರ ವಿಷಯ ಹೇಳಿದರು. “ಹತ್ತು ಗಂಟೆ ಅಂದಿದ್ದು ನನ್ನ ಮಗಳ ಆಸೆ. ನಿಮಗೆ ಹಂಗಿಲ್ಲ. ಕುರ್ಚಿ ಇಟ್ಟು ಹೋಗಬಹುದು. ಟೀ ಇದೆ.”

ಯಾರೂ ಅಲುಗಲಿಲ್ಲ.

“ಆರು ತಿಂಗಳಿಂದ ನಿಮ್ಮ ಕುರ್ಚಿ ಮೇಲೆ ಕೂತಿದ್ದೀವಿ,” ಅಂದರು ಲಾಂಡ್ರಿ ಆಂಟಿ. “ಇವತ್ತು ಎಬ್ಬಿಸ್ತೀರಾ?”

“ಬೇಗ ಶುರು ಮಾಡಿ,” ಅಂದ ಗೊಣಗಜ್ಜ. “ಅಂಗಡಿ ಮುಚ್ಚಿ ಬಂದಿದ್ದೀನಿ.”

ಅಪ್ಪ ಶುರು ಮಾಡಿದರು. ಏನು ಹೇಳಿದರೋ ಪೂರ್ತಿ ನೆನಪಿಲ್ಲ. ಒಂದು ಮಾತು ಮಾತ್ರ: ಪ್ರತಿ ಭಾನುವಾರ ಖಾಲಿ ಕುರ್ಚಿಗೆ ಮಾತಾಡಿ ಅಭ್ಯಾಸವಾಗಿ, ಈಗ ತುಂಬಿದ ಕುರ್ಚಿ ನೋಡಿದರೆ ಭಯವಾಗುತ್ತಿದೆ ಅಂದರು. ಎಲ್ಲರೂ ನಕ್ಕರು. ಗೊಣಗಜ್ಜ ಎರಡು ಸಲ ಉಚ್ಚಾರ ತಿದ್ದಿದ. ಅಮ್ಮ ಹಾಡುವಾಗ ಅತ್ತಳು, ಶ್ರುತಿ ತಪ್ಪದೆ. ಅಜ್ಜಿ ಕೊನೆಯವರೆಗೂ ಎಚ್ಚರವಾಗಿದ್ದಳು.

ಟೀ ಆಯಿತು. ಒಬ್ಬೊಬ್ಬರೇ ಎದ್ದರು. ಕುರ್ಚಿ ಮಡಿಸಿದರು. ಕಂಕುಳಲ್ಲಿ ಇಟ್ಟುಕೊಂಡರು. ಇಳಿದು ಹೋದರು.

ಕೋಣೆಯಲ್ಲಿ ಮತ್ತೆ ನಾಲ್ಕೇ ಕುರ್ಚಿ. ನಾವು ನಾಲ್ವರು ಮುಖ ಮುಖ ನೋಡಿಕೊಂಡೆವು. ಅಪ್ಪ ನಗಲು ಶುರು ಮಾಡಿದವರು ನಿಲ್ಲಿಸಲೇ ಇಲ್ಲ.

ಫಾರಂ ತುಂಬಿದೆ. ಪೆನ್ನಿನಲ್ಲಿ.

ಹಾಜರಿ: 26. ಮೂರನೇ ಮಹಡಿಯವರ ಮಗು ಮಡಿಲಲ್ಲಿ ನಿದ್ದೆ ಮಾಡಿತು, ಎಣಿಸಿಲ್ಲ.

ವಿವರ: ಕುರ್ಚಿ ಹಿಂದಿರುಗಿಸಲು ಬಂದವರು. ಹಿಂದಿರುಗಿಸಲಿಲ್ಲ.

ಅಪ್ಪ ಓದಿ ಸಹಿ ಹಾಕಿದರು.

ಅಕ್ಟೋಬರ್ 24, ಗುರುವಾರ

ಆಫೀಸಿನ ಉತ್ತರ ಬಂತು. ‘ನಿಮ್ಮ ವಿವರ ನಮಗೆ ಅರ್ಥವಾಗಲಿಲ್ಲ. ಮಾರ್ಚ್‌ವರೆಗೆ ಇದ್ದು ಸ್ಪಷ್ಟವಾಗಿ ಬರೆಯಿರಿ. ಕುರ್ಚಿಗಳು ಸಾಕಾಗುತ್ತಿವೆಯೇ?’

ಮಾರ್ಚ್! ಐದು ತಿಂಗಳು. ಗೇರು ಕಲಿಯಲು ಸಾಕು. ಕಳೆದ ಭಾನುವಾರ ಬಂದವರು ಏಳೇ. ಏಳು ಎಂದೇ ಬರೆಯುತ್ತೇನೆ.

“ಇನ್ನೂ ಹತ್ತು ಬೇಕು ಅಂತ ಬರಿ,” ಅಂದರು ಅಪ್ಪ, ಮೀಸೆಯಡಿಯಲ್ಲಿ ನಗುತ್ತಾ. ಹಾಳೆ ತೆಗೆದಿದ್ದೇನೆ. ಬಾಗಿಲಲ್ಲಿ ಆಗಲೇ ಮೇಲಿನ ಮನೆಯವರು, ನಾಲ್ಕು ಬೆರಳು ಎತ್ತಿಕೊಂಡು. ಮೂರು ಕೊಟ್ಟೆ. ನಾಲ್ಕನೆಯದರ ಮೇಲೆ ಅಜ್ಜಿ ಕೂತಿದ್ದಾಳೆ, ಏಳಜ್ಜಿ ಅಂದರೆ ಏಳುತ್ತಿಲ್ಲ.