ಇಲ್ಲದ ಮರವನ್ನು ಸುತ್ತಿ

ಮನೆಯಿಂದ,
ಆಗಸ್ಟ್ ೧೯, ಮಂಗಳವಾರ ಮಧ್ಯಾಹ್ನ

ನಮ್ಮ ಮನೆಯ ಹುಡುಗಿಗೆ,

ಹೇಗಿದ್ದೀಯ? ಕುತ್ತಿಗೆ ನೋವು ಕಡಿಮೆಯಾಯಿತೇ? ದಿನವಿಡೀ ಆಕಾಶ ನೋಡುವ ಕೆಲಸವನ್ನು ನಮ್ಮ ಮನೆತನದಲ್ಲಿ ಈವರೆಗೆ ಯಾರೂ ಮಾಡಿಲ್ಲ. ನಾವೆಲ್ಲ ಬಗ್ಗಿ ಬಗ್ಗಿ ಸೊಂಟ ಕಳೆದುಕೊಂಡವರು, ನಿನ್ನ ಪಾಲಿಗೆ ಕುತ್ತಿಗೆ ಬಂದಿದೆ. ಮಲಗುವಾಗ ದಿಂಬು ತೆಗೆದಿಟ್ಟು ಟವೆಲ್ ಸುತ್ತಿ ಕುತ್ತಿಗೆಯ ಕೆಳಗೆ ಇಟ್ಟುಕೋ. ಹಾಸ್ಟೆಲಿನ ನೀರು ಒಗ್ಗಿತೇ? ಬಿಸಿಲಿಗೆ ಟೋಪಿ ಹಾಕಿಕೋ. ನಗುತ್ತಾರೆಂದು ಸಂಕೋಚಪಡಬೇಡ, ನಗುವವರ ತಲೆಯೇನೂ ನಿನ್ನ ಬದಲು ಕಾಯುವುದಿಲ್ಲ.

ಪುಟ್ಟಿ ಚೆನ್ನಾಗಿದ್ದಾಳೆ. ಮೊದಲ ವಾರ ಬೀದಿಯಲ್ಲಿ ಬೈಕಿನ ಸದ್ದಾದಾಗಲೆಲ್ಲ ಎದ್ದು ಓಡುತ್ತಿದ್ದಳು. ಈಗ ಜಗುಲಿಯ ಮೇಲೆ ಕೂತು, "ನಮ್ಮಮ್ಮ ಡ್ರೋನ್ ಸ್ಕೂಲಲ್ಲಿದಾಳೆ, ಪಾಸಾಗೋವರ್ಗೂ ಬಿಡಲ್ವಂತೆ" ಎಂದು ಓರಗೆಯ ಮಕ್ಕಳ ಮುಂದೆ ಜಂಬ ಕೊಚ್ಚುತ್ತಾಳೆ. ಅಡುಗೆ ನಿನ್ನ ಗಂಡನದು. ಬೆಳಿಗ್ಗೆ ಮರೆತ ಉಪ್ಪನ್ನೆಲ್ಲ ರಾತ್ರಿ ಸೇರಿಸಿ ಹಾಕುತ್ತಾನೆ. ನಾವು ಬಾಯಿ ಬಿಡದೆ ತಿನ್ನುತ್ತೇವೆ, ಏಕೆಂದರೆ ಹೊಗಳಿದರೂ ಮುನಿಸು, ತೆಗಳಿದರೂ ಮುನಿಸು. ಮೂಲೆಮನೆಯಾಕೆ ಹೋದ ವಾರ ಬೇಲಿಯಾಚೆಯಿಂದಲೇ, "ಸೊಸೆ ಗಾಳೀಲಿ ಹಾರ್ತಾಳಂತೆ, ಅತ್ತೆ ಇಲ್ಲಿ ಪಾತ್ರೆ ತಿಕ್ತಾಳಂತೆ" ಎಂದಳು. "ಪಾತ್ರೆ ನನ್ ಮಗ ತಿಕ್ತಾನೆ, ನಿನ್ ಮಗನ್ನೂ ಕಳ್ಸು, ಕಲಿಸ್ಕೊಡ್ತಾನೆ" ಎಂದೆ.

ಶುಕ್ರವಾರ ನೀನು ಫೋನಿನಲ್ಲಿ, "ಅತ್ತೆ, ಇದು ನನ್ ಕೈಲಾಗಲ್ಲ, ಬಂದ್ಬಿಡ್ತೀನಿ" ಎಂದಾಗ ಸಿಗ್ನಲ್ ಇಲ್ಲವೆಂದು ಇಟ್ಟುಬಿಟ್ಟೆ. ಸಿಗ್ನಲ್ ಇತ್ತು. ನಿನ್ನ ದನಿಯನ್ನು ಇನ್ನೊಂದು ಗಳಿಗೆ ಕೇಳಿದ್ದರೆ ನಾನೇ ಬಾ ಎಂದುಬಿಡುತ್ತಿದ್ದೆ. ಅದಕ್ಕೇ ಈ ಕಾಗದ, ಇದರಲ್ಲಿ ನೀನು ಅಳುವುದು ನನಗೆ ಕೇಳಿಸುವುದಿಲ್ಲ. ನಮ್ಮ ಸಂಘಕ್ಕೆ ಸಬ್ಸಿಡಿಯಲ್ಲಿ ಔಷಧಿ ಸಿಂಪಡಿಸುವ ಡ್ರೋನ್ ಮಂಜೂರಾಗಿದೆ, ನಿಜ. ಆದರೆ ಸಂಘದ ಒಬ್ಬಳು ತರಬೇತಿ ಮುಗಿಸಿ, ಪರೀಕ್ಷೆ ಪಾಸಾಗಿ, ಲೈಸೆನ್ಸ್ ತೋರಿಸಿದ ಮೇಲೇ ಅದು ನಮ್ಮ ಕೈಗೆ ಬರುವುದು. ಇಲ್ಲದಿದ್ದರೆ ಹೊಳೆಯಾಚೆಯ ಸಂಘಕ್ಕೆ ಹೋಗುತ್ತದೆ, ಅವರು ತುದಿಗಾಲಲ್ಲಿ ನಿಂತಿದ್ದಾರೆ. ನಮ್ಮಲ್ಲಿ ಅವರು ಕೇಳುವಷ್ಟು ಓದಿದವಳು, ಅವರು ಕೇಳುವ ವಯಸ್ಸಿನವಳು ನೀನೊಬ್ಬಳೇ. ನನ್ನನ್ನೇ ಕಳಿಸಿ ಎಂದು ಸ್ಕೂಟರ್ ಮೇಡಂ ಹತ್ತಿರ ಕೇಳಿದ್ದೆ. ಊರೂರು ಅಲೆದು ಹೆಂಗಸರ ಸಂಘಗಳಿಗೆ ಇಂಥದ್ದನ್ನೆಲ್ಲ ದೊರಕಿಸಿಕೊಡುವುದೇ ಅವಳ ಕೆಲಸವಲ್ಲವೇ, ಏನಾದರೂ ದಾರಿ ಇದ್ದೀತೆಂದುಕೊಂಡೆ. ಅವಳು ಎಷ್ಟು ವಿನಯದಿಂದ ನಕ್ಕಳೆಂದರೆ ನನಗೆ ಸಿಟ್ಟೂ ಬರಲಿಲ್ಲ.

ನೀನು ಈ ಮನೆಗೆ ಬಂದ ಮೊದಲ ವರ್ಷ ಈಚೆಗೆ ಪದೇ ಪದೇ ನೆನಪಾಗುತ್ತದೆ. ಜೋಳ ಆಳೆತ್ತರ ಬಂದಿತ್ತು. ಗಂಡಸರ ಹಳೆಯ ಅಂಗಿ ತೊಟ್ಟು, ಮೂಗುಬಾಯಿಗೆ ಬಟ್ಟೆ ಕಟ್ಟಿ, ಬೆನ್ನಿಗೆ ಔಷಧಿಯ ಟ್ಯಾಂಕ್ ಹೊತ್ತು ನಾವು ಸಾಲಾಗಿ ನಡೆಯುತ್ತಿದ್ದೆವು. ಔಷಧಿ ಒಳಗೆ ಹೋಗುತ್ತದೆಂದು ಯಾರೂ ಬಾಯಿ ತೆರೆಯುವಂತಿರಲಿಲ್ಲ, ಎಲೆಗಳ ನಡುವೆ ಒಬ್ಬರಿಗೊಬ್ಬರು ಕಾಣುತ್ತಲೂ ಇರಲಿಲ್ಲ. ಅದಕ್ಕೆ ಬೆರಳಿನಿಂದ ಟ್ಯಾಂಕ್ ಬಡಿಯುತ್ತಿದ್ದೆವು. ಒಂದು ಸಲ ಬಡಿದರೆ ನನ್ನದು ಖಾಲಿ ಎಂದು, ಎರಡು ಸಲ ಬಡಿದರೆ ಗಾಳಿ ತಿರುಗಿತು, ಮುಖ ತಿರುಗಿಸಿ ಎಂದು. ನಿನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಮೊದಲ ದಿನವೇ ಏನೋ ಹಾಡು ಗುನುಗಿಕೊಂಡು ಟ್ಯಾಂಕಿನ ಮೇಲೆ ತಾಳ ಹಾಕಿದೆ. ಇಡೀ ಸಾಲು ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ತಿರುಗಿ ತಿರುಗಿ ತಲೆಸುತ್ತು ಬಂದು ನಿಂತಿತು. ಸಂಘದ ಸುದ್ದಿಯೆಲ್ಲ ಬಿತ್ತರಿಸುವ ನಮ್ಮ ರೇಡಿಯೋ ಬದುವಿಗೆ ಬಂದು ಮುಖದ ಬಟ್ಟೆ ಬಿಚ್ಚಿ, "ಯಾವ್ಳೇ ಅವ್ಳು ಬಿರುಗಾಳಿ ಎಬ್ಸಿದ್ದು" ಎಂದಳಲ್ಲ, ಹೊಟ್ಟೆ ಹಿಡಿದುಕೊಂಡು ನಕ್ಕೆವು. ಸಂಜೆ ಸಾಬೂನು ಸವೆಯುವ ತನಕ ತಿಕ್ಕಿದರೂ ಕೂದಲಿಂದ ಆ ವಾಸನೆ ಹೋಗುತ್ತಿರಲಿಲ್ಲ. ಅದರ ಮೇಲೆ ನನಗೆ ಪ್ರೀತಿಯೇನೂ ಇಲ್ಲ. ಆದರೂ ಬದುವಿನಲ್ಲಿ ಕಾಲು ಚಾಚಿ ಕೂತ ಆ ಹೆಂಗಸರು, ಅವರ ಒದ್ದೆ ಅಂಗಿ, ಎಲ್ಲರ ನಡುವೆ ಸುತ್ತು ಬರುತ್ತಿದ್ದ ಒಂದೇ ಚೊಂಬು, ಇವು ಕಣ್ಣ ಮುಂದಿನಿಂದ ಹೋಗುವುದಿಲ್ಲ.

ನಿನಗೆ ಹೇಳಬೇಕೆಂದಿದ್ದ ಸಂಗತಿ ಬೇರೆ. ಕಳೆದ ಬುಧವಾರ ಸ್ಕೂಟರ್ ಮೇಡಂ ಇಲಾಖೆಯ ಡ್ರೋನನ್ನೂ ಅದನ್ನು ಹಾರಿಸುವ ಮೇಷ್ಟರನ್ನೂ ಕರೆತಂದು ಸಂಘದ ಹೊಲದಲ್ಲಿ ನೀರು ಸಿಂಪಡಿಸಿ ತೋರಿಸಿದಳು. ಹಾರಿಸುವ ಮೊದಲು ಹೊಲದ ನಕ್ಷೆ ಆಗಬೇಕು, ಕೈಯಲ್ಲಿ ಯಂತ್ರ ಹಿಡಿದು ಅಂಚು ಸುತ್ತಿ ಬನ್ನಿ ಎಂದರು ಮೇಷ್ಟರು. ನಮ್ಮ ಸಂಘದ ಟೈಲರಮ್ಮ ಯಂತ್ರ ಹಿಡಿದಳು, ರೇಡಿಯೋ, ನಾನು, ಇನ್ನಿಬ್ಬರು ಹಿಂದೆ. ಮೆರವಣಿಗೆಯ ಹಾಗೆ ಹೋಗಿ ಬಂದೆವು. ಮೇಷ್ಟರು ಪರದೆ ನೋಡಿ, "ಇಲ್ಲೇನಮ್ಮಾ, ಬಾವಿನಾ?" ಎಂದರು. ಪಡುವಣ ಅಂಚಿನಲ್ಲಿ ಗೆರೆ ಒಳಕ್ಕೆ ಬಾಗಿ, ಯಾರೋ ಹೊಲವನ್ನು ಒಂದು ತುತ್ತು ಕಚ್ಚಿದಂತೆ ಕಾಣುತ್ತಿತ್ತು. ರೇಡಿಯೋ ಧಾರಾಳವಾಗಿ, "ಅದು ಮರ ಸಾರ್" ಎಂದಳು. ಅವರು ಹೊಲದ ಕಡೆ ನೋಡಿದರು. ಬರೀ ಬಿಸಿಲು. "ಎಲ್ಲಿದೆ?" ಎಂದರು. "ಈಗಿಲ್ಲ" ಎಂದಳು.

ಅದು ಅತ್ತಿ ಮರ. ಕರೆಂಟಿನ ತಂತಿ ಎಳೆಯುವಾಗ ಕಡಿದರು, ನೀನು ಬರುವುದಕ್ಕೆ ಎಷ್ಟೋ ವರ್ಷ ಮೊದಲು. ನನ್ನ ಅತ್ತೆ ಅದರ ಬುಡದಲ್ಲಿ ನೀರಿನ ಕೊಡ ಇಡುತ್ತಿದ್ದಳು, ನಿನ್ನ ಗಂಡ ಅದರ ನೆರಳಲ್ಲಿ ಜೋಲಿಯಲ್ಲಿ ಮಲಗಿ ಬೆಳೆದವನು. ಬೇರು ಕಿತ್ತು, ಉತ್ತು ಮಟ್ಟ ಮಾಡಿ, ಬಿತ್ತಿ ಬೆಳೆದಿದ್ದೇವೆ. ಆದರೆ ಅಂಚಿನಲ್ಲಿ ನಡೆಯುವಾಗ ಕಾಲು ತಾನಾಗಿ ತಿರುಗುತ್ತದೆ, ಅದು ಬುಧವಾರದವರೆಗೆ ನಮಗೇ ಗೊತ್ತಿರಲಿಲ್ಲ. ನೀನೂ ಅಲ್ಲಿ ತಿರುಗುತ್ತೀಯ. ಆ ಮರವನ್ನು ಕಣ್ಣಿಂದ ಕಾಣದವಳು ನೀನು, ನಮ್ಮ ಬೆನ್ನು ನೋಡಿ ಕಲಿತದ್ದು.

ನಕ್ಷೆ ಹೇಗಿದೆಯೋ ಹಾಗೇ ಒಮ್ಮೆ ಹಾರಿಸಿ ನೋಡೋಣ ಎಂದರು ಮೇಷ್ಟರು. ಡ್ರೋನ್ ಸೀದಾ ಹೋಗಿ, ಅಲ್ಲಿಗೆ ಬಂದೊಡನೆ ತಗ್ಗಿ ಬಗ್ಗಿ ದೊಡ್ಡವರಿಗೆ ದಾರಿ ಬಿಟ್ಟಂತೆ ಸುತ್ತಿಕೊಂಡು ಹೋಯಿತು. ಸುತ್ತಲೂ ಜೋಳ ತೊಯ್ದು ಹೊಳೆಯುತ್ತಿತ್ತು, ಮರವಿದ್ದ ಜಾಗ ಮಾತ್ರ ಒಣಗಿತ್ತು. ಮೇಷ್ಟರು ನಕ್ಷೆ ಅಳಿಸಿ, ಮತ್ತೆ ಸುತ್ತಿ ಬನ್ನಿ ಎಂದರು. ಸುತ್ತಿದೆವು, ಮತ್ತೆ ಬಾಗಿತು. ಕೊನೆಗೆ ಸ್ಕೂಟರ್ ಮೇಡಂ ಟೈಲರಮ್ಮನ ಭುಜ ಹಿಡಿದು, "ನನ್ನನ್ನೇ ನೋಡ್ಕೊಂಡು ನಡೀರಿ" ಎಂದು ಹಿಮ್ಮುಖವಾಗಿ ನಡೆಯುತ್ತಾ ಅವಳನ್ನು ನೇರ ದಾಟಿಸಿದಳು. ಎರಡನೆಯ ಸಲ ಡ್ರೋನ್ ಆ ಜಾಗದ ಮೇಲಿಂದ ನೇರ ಹೋಗಿ ನೀರು ಸುರಿಸಿತು. ಆ ಮರ ನನ್ನ ಪಾಲಿಗೆ ಬಿದ್ದದ್ದು ಬುಧವಾರವೇ ಎನ್ನಬೇಕು.

ದುಃಖವೇ ಎಂದು ಕೇಳಿದರೆ ಹೌದು, ಸ್ವಲ್ಪ. ಆದರೆ ನೋಡು, ಅರ್ಧ ದಿನ ನಾವೆಲ್ಲ ಟ್ಯಾಂಕ್ ಹೊತ್ತು ಮಾಡುತ್ತಿದ್ದ ಕೆಲಸವನ್ನು ಅದು ನಾವು ನೀರು ಕುಡಿದು ಮುಗಿಸುವಷ್ಟರಲ್ಲಿ ಮಾಡಿತು. ಟೈಲರಮ್ಮನ ಕೆಮ್ಮು ನಿನಗೆ ಗೊತ್ತೇ ಇದೆ. ಪುಟ್ಟಿಯ ಬೆನ್ನಿಗೆ ಆ ಟ್ಯಾಂಕ್ ಏರುವುದನ್ನು ನಾನು ನೋಡಲಾರೆ. ಲೆಕ್ಕದ ಪಾಠ ತಲೆಗೆ ಹೋಗದಿದ್ದರೆ ಪಕ್ಕದವಳನ್ನು ಕೇಳು, ಅವಳಿಗೂ ಹೋಗದಿದ್ದರೆ ಇಬ್ಬರೂ ಅಲ್ಲಿನ ಮೇಷ್ಟರನ್ನು ಕೇಳಿ, ಅವರು ಸಂಬಳ ತೆಗೆದುಕೊಳ್ಳುವುದೇ ಅದಕ್ಕೆ. ನಿನ್ನ ಕೈ ಸ್ಥಿರವಾದ ಕೈ. ಹೊಲಿಗೆಯಲ್ಲಿ ನೋಡಿದ್ದೇನೆ.

ಪುಟ್ಟಿ ಈ ಹಾಳೆಯ ಹಿಂದೆ ಡ್ರೋನ್ ಬರೆದಿದ್ದಾಳೆ. ಜೇಡವೆಂದುಕೊಂಡು ಹೆದರಬೇಡ. ಸಂಘದವರೆಲ್ಲ ನಿನ್ನನ್ನು ಕೇಳಿದರು. ಕಣ್ಣು ಚುರುಕಾಗಿರಲಿ, ಮನಸ್ಸು ಗಟ್ಟಿಯಾಗಿರಲಿ, ನೀನು ಎತ್ತಿದ್ದೆಲ್ಲ ಸುರಕ್ಷಿತವಾಗಿ ನೆಲ ಮುಟ್ಟಲಿ.

ನಿನ್ನ ಅತ್ತೆ

ಮರೆತಿದ್ದೆ: ಈ ಕಾಗದ ತರುವ ಸ್ಕೂಟರ್ ಮೇಡಂ ಹೊರಗೆ ಹಾರ್ನ್ ಹೊಡೆಯುತ್ತಿದ್ದಾಳೆ, ಬೇಗ ಬರೆಯುತ್ತೇನೆ. ಬೇರೆಯವರ ಬಾಯಿಂದ ಕೇಳುವ ಮೊದಲು ನನ್ನಿಂದಲೇ ಕೇಳು. ಶನಿವಾರ ಬಚ್ಚಲಲ್ಲಿ ಜಾರಿ ಎಡಗಾಲಿನ ಮೂಳೆ ಮುರಿದಿದೆ, ಪ್ಲಾಸ್ಟರ್ ಹಾಕಿದ್ದಾರೆ. ನೋವು ತಡೆಯುವಷ್ಟಿದೆ. ನಾನು ಬೇಡವೆಂದರೂ ಕೇಳದೆ ನಿನ್ನ ಗಂಡ ನಿನ್ನನ್ನು ಕರೆತರಲು ಶುಕ್ರವಾರದ ಬಸ್ಸಿಗೆ ಹೊರಟಿದ್ದಾನೆ. ಅವನಿಗೆ ಊಟ ಹಾಕಿಸಿ, ನೀನು ಹಾರಿಸುವುದನ್ನು ತೋರಿಸಿ, ಸಂಜೆಯ ಬಸ್ಸು ಹತ್ತಿಸು. ಮೂಳೆ ನೀನಿದ್ದರೂ ಕೂಡುತ್ತದೆ, ಇಲ್ಲದಿದ್ದರೂ ಕೂಡುತ್ತದೆ. ಸೋಮವಾರದ ಪರೀಕ್ಷೆ ನೀನಿಲ್ಲದೆ ಆಗುವುದಿಲ್ಲ. ಅದಕ್ಕೆ ಮೊದಲು ಬಂದರೆ ನಾನು ಬಾಗಿಲು ತೆಗೆಯುವುದಿಲ್ಲ. ಎದ್ದು ಬಂದು ತೆಗೆಯಲು ಆಗುವುದೂ ಇಲ್ಲ.