ಬೀಡು ಬಿಟ್ಟ ಹನ್ನೆರಡು ಗುಂಟೆ

ಭಾನುವಾರ, ಏಪ್ರಿಲ್ 5, 2009. ಬೆಳಿಗ್ಗೆ 11

ಎಣಿಕೆ ಮುಗಿಯಿತು. ಲಂಟಾನ ಏಳು ಪೊದೆ. ಹೋದ ತಿಂಗಳಿಗಿಂತ ಒಂದೂ ಹೆಚ್ಚಿಲ್ಲ. ತಂಗಡಿ ಸೊರಗುತ್ತಿದೆ, ನೆರಳು ಜಾಸ್ತಿಯಾಯಿತೋ ಏನೋ. ಗರಿಕೆ ಬದುವಿನ ಅಂಚಿಗೆ ಮಾತ್ರ. ಮಂಡಿ ಹಿಡಿದುಕೊಂಡಿದೆ. ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ, ಬದುವಿನ ಹೊಂಗೆ ಕೆಳಗೆ ಕೂತು ಬರೆಯುತ್ತಿದ್ದೇನೆ.

ಇದು ಹನ್ನೊಂದನೇ ನೋಟ್‌ಬುಕ್. ಅಬ್ಬಾ ತೀರಿಕೊಂಡ ಮೇಲೆ ಕೈಲಾಂಚ ಊರಿನ ಈ ಹನ್ನೆರಡು ಗುಂಟೆ ಹಿಪ್ಪುನೇರಳೆ ತೋಟ ನನ್ನ ಪಾಲಿಗೆ ಬಂತು. ಬುಡಸಮೇತ ಕೀಳಿಸಿ, ಒಂದು ಸಲ ಉಳುಮೆ ಮಾಡಿಸಿ, ಬಿಟ್ಟುಬಿಟ್ಟೆ. ಉಳದೆ ಬಿತ್ತದೆ ಬೀಡು ಬಿಟ್ಟ ನೆಲಕ್ಕೆ ಯಾವ ಗಿಡ ಮೊದಲು ಬರುತ್ತದೆ, ಅದನ್ನು ಯಾವುದು ಓಡಿಸುತ್ತದೆ — ಪಿಯು ಮಕ್ಕಳಿಗೆ ಪುಸ್ತಕ ನೋಡಿ ಹೇಳಿ ಹೇಳಿ ಬೇಜಾರಾಗಿತ್ತು. ಕಣ್ಣಾರೆ ನೋಡೋಣ ಅನ್ನಿಸಿತು. ತಿಂಗಳಿಗೊಂದು ಭಾನುವಾರ. ಷರತ್ತು ಒಂದೇ, ಯಾರೂ ಒಂದು ಕಡ್ಡಿಯನ್ನೂ ಕೀಳಬಾರದು.

ಇವತ್ತು ಲಂಟಾನದ ಮಗ್ಗುಲಲ್ಲಿ ಮೊಣಕಾಲೆತ್ತರದ ಒಂದು ಸಸಿ. ಎಲೆ ಚಿವುಟಿ ನೋಡಿದೆ, ಬಿಳಿ ಹಾಲು. ಹಾಲೆ! ತಮ್ಮ ವಹಾಬ್ ಚನ್ನಪಟ್ಟಣದಲ್ಲಿ ಬೊಂಬೆ ಕಡೆಯುವುದು ಇದೇ ಮರದಲ್ಲಿ. ಯಾರೂ ನೆಟ್ಟಿದ್ದಲ್ಲ. ಗಾಳಿಗೆ ಬೀಜ ಹಾರಿ ಬಂದಿದೆ. ಹನ್ನೊಂದು ವರ್ಷಕ್ಕೆ ಮೊದಲ ಮರ. ಇದು ಪೊದೆಯನ್ನು ಮೀರಿ ಮೇಲೆದ್ದರೆ... ಯಾರಿಗಾದರೂ ಹೇಳಬೇಕು ಅನ್ನಿಸಿತು. ಯಾರಿಗೆ?

ಪಕ್ಕದ ಹೊಲದ ಕೆಂಚಮ್ಮ ಬದುವಿನ ಮೇಲೆ ನಿಂತಿದ್ದಳು.

"ಇನ್ನೂ ಮುಗೀನಿಲ್ವಾ ಟೀಚರಮ್ಮ? ಏನ್ ಮಾಡ್ತಿದ್ದೀರಿ ಅಷ್ಟೊತ್ತಿಂದ?"

"ಕಳೆ ನೋಡ್ತಾ ಇದ್ದೀನಿ."

"ನೋಡಿದ್ರೆ ಓಯ್ತದಾ ಅದು?"

ನಕ್ಕು ಹೊಂಗೆ ಕಡೆಗೆ ನಡೆದೆ. ವಿವರಿಸಲು ಹೊರಟರೆ ಬಸ್ಸು ತಪ್ಪುತ್ತದೆ.

ಮೇ 2

ಬಚ್ಚಲಲ್ಲಿ ಜಾರಿದೆ. ಎಡಗಾಲು. ಗೋಡೆ ಹಿಡಿದು ಫೋನಿನ ತನಕ ಬರಲು ಅರ್ಧ ಗಂಟೆ. ನಾಳೆ ಎಣಿಕೆ ಇತ್ತು.

ಮೇ 11

ಪ್ಲಾಸ್ಟರ್. ವಹಾಬ್ ಎರಡು ದಿನ ಇದ್ದು ಹೋದ, ಅವನಿಗೂ ಆರ್ಡರ್‌ಗಳು. ಮನೆಯಲ್ಲಿ ಉರ್ದು ಆಡಿ ಎಷ್ಟು ದಿನವಾಗಿತ್ತು. ಅವನು ಹೋದ ಮೇಲೆ ಒಬ್ಬಳೇ ಜೋರಾಗಿ ಒಂದೆರಡು ಮಾತಾಡಿದೆ. ಹುಚ್ಚು.

ಜೂನ್ 10. ಮಧ್ಯಾಹ್ನ

ಕೆಂಚಮ್ಮ ಬಂದಿದ್ದಳು! ಮಾರ್ಕೆಟ್ಟಿಗೆ ರೇಷ್ಮೆ ಗೂಡು ತಂದವಳು, ಎರಡು ತಿಂಗಳಿಂದ ಟೀಚರಮ್ಮ ಕಾಣಲಿಲ್ಲ ಅಂತ ಕೇಳಿಕೊಂಡು ಕೇಳಿಕೊಂಡು ಮನೆ ಹುಡುಕಿದ್ದಾಳೆ. ಈ ಮನೆಗೆ ಜನ ಬರುವುದೇ ಅಪರೂಪ. ಒಂದು ಚೊಂಬು ಮಜ್ಜಿಗೆ, ಸೆರಗಲ್ಲಿ ಕಟ್ಟಿದ ಅಣ್ಣೆ ಸೊಪ್ಪು.

ಕಾಲು ನೋಡಿ ಲೊಚಗುಟ್ಟಿದಳು. "ಹೊಲದ ಚಿಂತೆ ಬುಡಿ. ನಾವಿಲ್ವಾ?"

"ಸರಿ ಕೆಂಚಮ್ಮ" ಅಂದೆ. ಬಾಯಿಮಾತಿಗೆ ಅಂದಿದ್ದಾಳೆ ಅಂದುಕೊಂಡೆ. ಅವಳು ಹೋದ ಮೇಲೆ ಸೊಪ್ಪು ಬಿಡಿಸುತ್ತಾ ಅತ್ತೆ. ನೋವಿಗಲ್ಲ.

ಭಾನುವಾರ, ಆಗಸ್ಟ್ 2

ಏನೂ ಇಲ್ಲ.

ಅಲ್ಲ, ರಾಗಿ ಇದೆ. ಗೇಣುದ್ದ ರಾಗಿ, ನಡುವೆ ಅವರೆ ಸಾಲು. ಬದುವಿನ ಮೇಲೆ ಲಂಟಾನ ಸುಟ್ಟ ಬೂದಿ. ಹಾಲೆ ಎಲ್ಲಿತ್ತು ಅಂತ ಕೂಡ ಗೊತ್ತಾಗಲಿಲ್ಲ. ಗುರುತಿಗೆ ಹೊಡೆದಿದ್ದ ಕಬ್ಬಿಣದ ಗೂಟಗಳನ್ನು ಕಿತ್ತು ಹೊಂಗೆ ಬುಡದಲ್ಲಿ ನೀಟಾಗಿ ಜೋಡಿಸಿಟ್ಟಿದ್ದಾರೆ.

ಕೆಂಚಮ್ಮ ಓಡಿ ಬಂದಳು. ಮುಖವೆಲ್ಲ ನಗು. "ಹೆಂಗೈತೆ ಟೀಚರಮ್ಮ? ಒಂಬತ್ತು ಹೆಂಗಸ್ರು, ಮುಯ್ಯಾಳು. ಪಾಪ, ಹನ್ನೊಂದ್ ವರ್ಸದಿಂದ ಒಬ್ರೇ ಮಂಡಿಯೂರ್ಕಂಡು ಕಳೆ ಕೀಳ್ತೀರಿ, ಮುಗ್ಯಾಕೇ ಇಲ್ಲ. ಈಗ ಕಾಲು ಬೇರೆ ಮುರ್ಕಂಡ್ರಿ. ಎಲ್ಡೇ ದಿನಕ್ಕೆ ಎತ್ತಿ ಮಡಗಿದ್ವಿ."

ಮುಯ್ಯಾಳು ಅಂದರೆ ಕೂಲಿ ಇಲ್ಲ. ಅವರು ನನ್ನ ಹೊಲಕ್ಕೆ ಬಂದರೆ ನಾನು ಅವರ ಹೊಲಕ್ಕೆ ಹೋಗಬೇಕು, ಅಷ್ಟೇ.

"ಚೆನ್ನಾಗಿದೆ" ಅಂದೆ. ಆ ಮುಖಕ್ಕೆ ಇನ್ನೇನು ಹೇಳಲಿ?

ಆಗಸ್ಟ್ 5

ವಹಾಬ್‌ಗೆ ಫೋನ್. "ಒಳ್ಳೇದೇ ಆಯ್ತಲ್ಲ ಆಪಾ, ರಾಗಿ ಬರುತ್ತೆ" ಅಂದ. ಇಟ್ಟುಬಿಟ್ಟೆ.

ಹನ್ನೊಂದು ನೋಟ್‌ಬುಕ್ ಟೇಬಲ್ ಮೇಲಿವೆ. ಕೆಂಚಮ್ಮನ ಮೇಲೆ ಸಿಟ್ಟು. ಬೆಂಕಿಯಂಥ ಸಿಟ್ಟು. ಆಮೇಲೆ, ಒಂದು ಸಲವಾದರೂ ಅವಳಿಗೆ ಹೇಳಿದ್ದೆನೇ ಅಂತ ಹುಡುಕುತ್ತಾ ಕೂತೆ.

ಆಗಸ್ಟ್ 12

ಕೆಂಚಮ್ಮ ಹೇಳಿ ಕಳಿಸಿದ್ದಾಳೆ. ಭಾನುವಾರ ಅವಳ ರಾಗಿಗೆ ಕಳೆ. "ನಿಮ್ಮ ಉಪಾಸ ಸುರುವಾಗೋ ಮುಂಚೆ ಬಂದ್ಬುಡಿ" ಅಂತ. ಹೋಗಲ್ಲ.

ಭಾನುವಾರ, ಆಗಸ್ಟ್ 16. ಸಂಜೆ

ಹೋದೆ.

ಕೈಗೊಂದು ಕುಡುಗೋಲು ಕೊಟ್ಟು ಸಾಲಿನ ನಡುವೆ ಕೂರಿಸಿದರು. ಕಾಲು ಮಡಿಸಲು ಆಗದ್ದಕ್ಕೆ ಒಬ್ಬಳು ಗೋಣಿಚೀಲ ಮಡಚಿ ಹಾಕಿದಳು. ಮೊದಲ ಹತ್ತು ನಿಮಿಷ ನನ್ನ ಕೈ ಕಳೆ ಕೀಳುತ್ತಿರಲಿಲ್ಲ, ಎಣಿಸುತ್ತಿತ್ತು. ಪಕ್ಕದವಳು ನೋಡಿ ಕಿಸಕ್ಕೆಂದಳು.

ಊಟದ ಹೊತ್ತಿಗೆ ತಡೆಯಲಾಗಲಿಲ್ಲ. ಕೆಂಚಮ್ಮನಿಗೆ ಹೇಳಿದೆ. ಎಲ್ಲ. ನಾನು ಕಳೆ ಕೀಳುತ್ತಿರಲಿಲ್ಲ, ಬೆಳೆಯುವುದನ್ನು ನೋಡುತ್ತಿದ್ದೆ ಅಂತ.

ಮುದ್ದೆ ಮುರಿಯುತ್ತಿದ್ದ ಅವಳ ಕೈ ನಿಂತಿತು.

"ಬೀಡು ಬುಟ್ರೆ ಮೊದ್ಲು ಅಣ್ಣೆ ಬತ್ತದೆ, ತುಂಬೆ ಬತ್ತದೆ" ಅಂದಳು ನಿಧಾನಕ್ಕೆ. "ಎಲ್ಡನೇ ವರ್ಸ ಗರಿಕೆ. ಆಮ್ಯಾಕೆ ತಂಗಡಿ. ಅದ್ರ ಮ್ಯಾಕೆ ಲಂಟಾನ. ಇದೇನಾ ನೀವು ಬರ್ಕತಿದ್ದುದ್ದು?"

ನನ್ನ ಮೊದಲ ಹತ್ತು ನೋಟ್‌ಬುಕ್, ಒಂದು ತುತ್ತಿನ ಹೊತ್ತಲ್ಲಿ. "ಹೌದು. ಆಮೇಲೆ?"

"ಆಮ್ಯಾಕಿಂದು ನಾವ್ಯಾರೂ ಕಂಡಿಲ್ಲ. ಅಷ್ಟು ದಿನ ಯಾರು ಬೀಡು ಬುಡ್ತಾರೆ ಹೊಲವ?"

ಹಾಲೆ ಸಸಿಯ ವಿಷಯ ಹೇಳಿದೆ. ಅವಳ ಕಣ್ಣಲ್ಲಿ ನೀರು.

"ಹೇಳಿದ್ರೆ ಮುಟ್ತಿರ್ನಿಲ್ಲ ಕಣಮ್ಮ. ಹನ್ನೊಂದ್ ವರ್ಸ ಒಂದೇ ಬದು ತುಳಿದ್ವಿ. ಒಂದ್ ಮಾತು ಆಡ್ಬಾರ್ದಿತ್ತಾ?"

ತಲೆ ತಗ್ಗಿಸಿ ಊಟ ಮಾಡಿದೆ.

ರಾಗಿ ಕೊಯ್ದ ಮೇಲೆ ಮತ್ತೆ ಬೀಡು ಬಿಡೋಣ, ಊರಲ್ಲಿ ಒಬ್ಬರೂ ಮುಟ್ಟದಂಗೆ ನೋಡಿಕೊಳ್ಳುತ್ತೇನೆ ಅಂದಳು. ನನಗೀಗ ಐವತ್ತೆರಡು. ಮತ್ತೊಂದು ಹಾಲೆ ತಾನಾಗಿ ಬರುವ ಹೊತ್ತಿಗೆ ಈ ಮಂಡಿ ಅಲ್ಲಿಗೆ ಹೋಗುತ್ತದೋ ಇಲ್ಲವೋ.

ಬಸ್ಸಿನ ತನಕ ಮೂವರು ಬಂದರು. ನನ್ನ ಮುಯ್ಯಿ ತೀರಿತಂತೆ. ನಾಳೆ ಇನ್ನೊಬ್ಬಳ ಹೊಲ, ನೀವು ಬರಬೇಕಿಲ್ಲ ಅಂದರು.

ಮನೆಗೆ ಬಂದು ಸಿ.ಎಲ್. ಅರ್ಜಿ ಬರೆದಿಟ್ಟೆ. ನಾಳೆ ಹೋಗುತ್ತೇನೆ. ಹೋದರೆ ಮುಯ್ಯಿ ತೀರಿಸಲು ಅವರು ನನಗೆ ಒಂದು ದಿನ ಬರಬೇಕಾಗುತ್ತದೆ. ಒಂಬತ್ತೂ ಜನ. ಏನು ಕೆಲಸ ಅಂತ ಕೇಳುತ್ತಾರೆ. ಕೆಲಸ ಏನೂ ಇಲ್ಲ, ಸುಮ್ಮನೆ ಮನೆಗೆ ಬಂದು ಒಂದು ದಿನ ನನ್ನ ಜೊತೆ —